ಏಳು ಡರ್ಬಿ ಗೆದ್ದ ಚಾರ್ಲಿ ಲಿಸ್ಟರ್ ಮತ್ತು ಗ್ರೇಹೌಂಡ್ ತರಬೇತುದಾರರ ವೃತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಚಾರ್ಲಿ ಲಿಸ್ಟರ್ ಯಾರು?

ಗ್ರೇಹೌಂಡ್ ಎಂಬ ಓಟದ ನಾಯಿಗಳನ್ನು ತಯಾರು ಮಾಡುತ್ತಿದ್ದ ಇಂಗ್ಲೆಂಡಿನ ತರಬೇತುದಾರ. ನಾಟಿಂಗ್‌ಹ್ಯಾಮ್‌ಶೈರ್‌ನ ನ್ಯೂವಾರ್ಕ್ ಊರಿನ ಹತ್ತಿರ ಅವರ ಕೆನಲ್, ಅಂದರೆ ನಾಯಿಗಳನ್ನು ಇಟ್ಟು ಸಾಕುವ ಜಾಗ, ಇತ್ತು. ಅಲ್ಲಿನ ಅತಿ ದೊಡ್ಡ ನಾಯಿ ಓಟವಾದ ಇಂಗ್ಲಿಷ್ ಗ್ರೇಹೌಂಡ್ ಡರ್ಬಿಯನ್ನು ಅವರ ನಾಯಿಗಳು ಏಳು ಸಲ ಗೆದ್ದಿವೆ. 1997ರಲ್ಲಿ ಸಮ್ ಪಿಕ್ಚರ್. 2000 ಮತ್ತು 2001ರಲ್ಲಿ ರಾಪಿಡ್ ರೇಂಜರ್. 2003ರಲ್ಲಿ ಫಾರ್ಲೋ ವರ್ಡಿಕ್ಟ್. 2010ರಲ್ಲಿ ಬ್ಯಾಂಡಿಕೂಟ್ ಟಿಪೋಕಿ. 2011ರಲ್ಲಿ ಟೇಲರ್ಸ್ ಸ್ಕೈ. 2013ರಲ್ಲಿ ಸಿಡಾಜ್ ಜ್ಯಾಕ್. ಅವರಿಗಿಂತ ಮುಂಚೆ ದಾಖಲೆ ಇದ್ದದ್ದು ಲಂಡನ್‌ನ ವೆಂಬ್ಲಿ ಟ್ರ್ಯಾಕ್‌ನ ತರಬೇತುದಾರ ಲೆಸ್ಲಿ ರೆನಾಲ್ಡ್ಸ್ ಹೆಸರಲ್ಲಿ. 1948ರಿಂದ 1954ರ ನಡುವೆ ಅವರು ಐದು ಡರ್ಬಿ ಗೆದ್ದಿದ್ದರು.

ಈ ಕ್ರೀಡೆಗೆ ಮಾಡಿದ ಸೇವೆಗಾಗಿ ಲಿಸ್ಟರ್ ಅವರಿಗೆ ಬ್ರಿಟನ್‌ನ ಒಬಿಇ ಎಂಬ ನಾಗರಿಕ ಗೌರವ ಸಿಕ್ಕಿದೆ. 2018ರಲ್ಲಿ ಅವರು ನಿವೃತ್ತಿ ಪಡೆದರು.

ಏಳು ಸಲ ಗೆದ್ದರೆ ಅದರಲ್ಲಿ ಅಂಥ ವಿಶೇಷ ಏನು? ಒಳ್ಳೆಯ ನಾಯಿ ಸಿಕ್ಕಿದರೆ ಯಾರು ಬೇಕಾದರೂ ಗೆಲ್ಲಬಹುದಲ್ವಾ?

ಒಂದು ಸಲ ಗೆಲ್ಲಬಹುದು. ಅದೃಷ್ಟ ಚೆನ್ನಾಗಿದ್ದರೆ ಅದೇ ನಾಯಿ ಎರಡು ಸಲವೂ ಗೆಲ್ಲಬಹುದು. ಆದರೆ ಲಿಸ್ಟರ್ ಅವರ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಏಳು ಗೆಲುವು, ಆರು ನಾಯಿ. ಮೊದಲ ಗೆಲುವಿಗೂ ಕೊನೆಯದಕ್ಕೂ ನಡುವೆ 16 ವರ್ಷ.

ಓಡುವ ಗ್ರೇಹೌಂಡ್‌ನ ಒಳ್ಳೆಯ ಕಾಲ ತುಂಬ ಚಿಕ್ಕದು. ಬ್ರಿಟನ್‌ನಲ್ಲಿ 15 ತಿಂಗಳು ತುಂಬುವವರೆಗೆ ಅದನ್ನು ಓಟಕ್ಕೆ ಇಳಿಸುವಂತಿಲ್ಲ. ಎರಡು ಮೂರು ವರ್ಷದ ವಯಸ್ಸಿನಲ್ಲಿ ಅದರ ವೇಗ ತುದಿ ಮುಟ್ಟುತ್ತದೆ. ನಾಲ್ಕು ದಾಟಿತು ಅಂದರೆ ಬಹುತೇಕ ಮುಗಿಯಿತು. ಅಂದರೆ ತರಬೇತುದಾರ ಪ್ರತಿ ಎರಡು ವರ್ಷಕ್ಕೆ ಹೊಸ ನಾಯಿಗಳ ಜೊತೆ ಮೊದಲಿಂದ ಶುರು ಮಾಡಬೇಕು. ಹೋದ ವರ್ಷದ ಚಾಂಪಿಯನ್‌ಗೆ ಹೊಂದಿದ ಪದ್ಧತಿ ಈ ವರ್ಷದ ನಾಯಿಗೆ ಹೊಂದುವುದಿಲ್ಲ. ಆರು ಬೇರೆ ಬೇರೆ ಸ್ವಭಾವದ ನಾಯಿಗಳನ್ನು ಅದೇ ಎತ್ತರಕ್ಕೆ ತಂದವರನ್ನು ಬರೀ ಅದೃಷ್ಟವಂತ ಅನ್ನುವುದು ತಪ್ಪು. ನನಗೆ ಅವರ ವೃತ್ತಿಯಲ್ಲಿ ತುಂಬ ಹಿಡಿಸುವುದು ಇದೇ.

ಡರ್ಬಿ ಅಷ್ಟು ದೊಡ್ಡದು ಯಾಕೆ?

ಮೊದಲನೆಯದಾಗಿ ಅದು ಹಳೆಯದು. ಯಾಂತ್ರಿಕ ಮೊಲದ ಹಿಂದೆ ನಾಯಿಗಳು ಓಡುವ ಪದ್ಧತಿ ಶುರುವಾದದ್ದು ಅಮೆರಿಕದಲ್ಲಿ. ಓವನ್ ಪ್ಯಾಟ್ರಿಕ್ ಸ್ಮಿತ್ ಎಂಬುವರು ಆ ಮೊಲವನ್ನು ರೂಪಿಸಿದರು. ಬ್ರಿಟನ್‌ನಲ್ಲಿ ಅಂಥ ಮೊದಲ ಓಟ ನಡೆದದ್ದು 1926ರ ಜುಲೈ 24ರಂದು, ಮ್ಯಾಂಚೆಸ್ಟರ್‌ನ ಬೆಲ್ ವ್ಯೂನಲ್ಲಿ. ಮರುವರ್ಷವೇ ಲಂಡನ್‌ನ ವೈಟ್ ಸಿಟಿಯಲ್ಲಿ ಮೊದಲ ಡರ್ಬಿ ನಡೆಯಿತು. ಎಂಟ್ರಿ ಬ್ಯಾಜ್ ಎಂಬ ನಾಯಿ ಗೆದ್ದಿತು. ವೈಟ್ ಸಿಟಿ 1984ರಲ್ಲಿ ಮುಚ್ಚಿತು. ಆಮೇಲೆ ಡರ್ಬಿ ವಿಂಬಲ್ಡನ್‌ಗೆ ಹೋಯಿತು. 2016ರವರೆಗೆ ಅಲ್ಲೇ ಇತ್ತು. ಲಿಸ್ಟರ್ ಅವರ ಏಳೂ ಗೆಲುವು ವಿಂಬಲ್ಡನ್‌ನಲ್ಲೇ ಬಂದವು. ಈಗ ಅದು ಟೌಸೆಸ್ಟರ್‌ನಲ್ಲಿ ನಡೆಯುತ್ತದೆ.

ಎರಡನೆಯ ಕಾರಣ ಅದರ ಉದ್ದ. ಓಟದ ಉದ್ದ ಅಲ್ಲ, ಪಂದ್ಯಾವಳಿಯ ಉದ್ದ. ನೂರಕ್ಕೂ ಜಾಸ್ತಿ ನಾಯಿಗಳು ಮೊದಲ ಸುತ್ತಿಗೆ ಬರುತ್ತವೆ. ಆರಾರು ನಾಯಿ ಓಡುತ್ತವೆ, ಮೊದಲ ಮೂರು ಮುಂದಕ್ಕೆ ಹೋಗುತ್ತವೆ. ಹೀಗೆ ವಾರಗಟ್ಟಲೆ ಸೋಸಿ ಸೋಸಿ ಕೊನೆಗೆ ಆರು ಉಳಿಯುತ್ತವೆ. ಫೈನಲ್ ಮುಗಿಯಲು ಬೇಕಾಗುವುದು ಅರ್ಧ ನಿಮಿಷವೂ ಅಲ್ಲ.

ತರಬೇತುದಾರ ನಿಜವಾಗಿ ಏನು ಕೆಲಸ ಮಾಡುತ್ತಾರೆ? ಓಡುವುದನ್ನು ನಾಯಿಗೆ ಕಲಿಸಬೇಕಾ?

ಬೇಡ. ಗ್ರೇಹೌಂಡ್ ಕಣ್ಣಿಂದ ಬೇಟೆ ಆಡುವ ನಾಯಿ. ಓಡುವ ವಸ್ತು ಕಂಡರೆ ಅದರ ಹಿಂದೆ ಹೋಗುವುದು ಅದರ ರಕ್ತದಲ್ಲೇ ಇದೆ. ಮರಿಗೆ ಕಲಿಸುವುದು ಬೇರೆ ಸಂಗತಿಗಳು. ಟ್ರ್ಯಾಪ್ ಎನ್ನುವ ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಹೆದರದೆ ನಿಲ್ಲುವುದು. ಬಾಗಿಲು ತೆರೆದ ಕ್ಷಣ ಹೊರಗೆ ಹಾರುವುದು. ತಿರುವಿನಲ್ಲಿ ಸಮತೋಲನ ತಪ್ಪದೆ ಬಾಗುವುದು. ಪಕ್ಕದ ನಾಯಿಯ ಜೊತೆ ಜಗಳಕ್ಕೆ ಹೋಗದೆ ಮೊಲದ ಮೇಲೇ ಗಮನ ಇಡುವುದು. ಓಟದ ಮಧ್ಯೆ ಇನ್ನೊಂದು ನಾಯಿಯ ಮೇಲೆ ತಿರುಗಿ ಬಿದ್ದರೆ ಅದನ್ನು ಓಟದಿಂದ ದೂರ ಇಡುತ್ತಾರೆ. ಬಾಯಿಕುಕ್ಕೆ ಹಾಕುವುದೂ ಇದಕ್ಕೇ.

ಆಮೇಲಿನದು ದಿನದಿನದ ಆರೈಕೆ. ಹೊರಗಿನವರಿಗೆ ಕಾಣುವುದು ಶನಿವಾರ ರಾತ್ರಿಯ ದೀಪಗಳು. ತರಬೇತುದಾರರ ಬದುಕು ಇರುವುದು ಉಳಿದ ದಿನಗಳ ಬೆಳಗಿನಲ್ಲಿ. ಬೆಳಕು ಹರಿಯುವ ಮೊದಲೇ ಎದ್ದು ನಾಯಿಗಳನ್ನು ಹೊರಗೆ ಬಿಡಬೇಕು. ಕೆನಲ್ ತೊಳೆಯಬೇಕು, ಹಾಸು ಬದಲಿಸಬೇಕು. ಮಲ ಗಟ್ಟಿಯಾಗಿದೆಯಾ ಸಡಿಲವಾಗಿದೆಯಾ ನೋಡಬೇಕು. ಅದು ಹೊಟ್ಟೆಯ ಸ್ಥಿತಿ ಹೇಳುತ್ತದೆ. ತಿಂಡಿ ಕೊಟ್ಟು, ನಡೆಸಿಕೊಂಡು ಹೋಗಿ, ಒಂದೊಂದನ್ನೂ ಮೇಜಿನ ಮೇಲೆ ನಿಲ್ಲಿಸಿ ಕೈಯಾಡಿಸಬೇಕು. ಕತ್ತು, ಭುಜ, ಬೆನ್ನು, ತೊಡೆ, ಕಾಲ್ಬೆರಳು. ಒಂದು ಸ್ನಾಯು ಬಿಗಿದಿದ್ದರೆ ಬೆರಳಿಗೆ ಗೊತ್ತಾಗಬೇಕು. ಬೆರಳ ಸಂದಿಯಲ್ಲಿ ಮರಳು ಸಿಕ್ಕಿ ಗಾಯವಾಗಿದ್ದರೆ ಅವತ್ತೇ ಕಾಣಬೇಕು. ಉಗುರು ಒಂದು ಚೂರು ಉದ್ದವಾದರೂ ತಿರುವಿನಲ್ಲಿ ಬೆರಳು ಉಳುಕುತ್ತದೆ.

ನಾಯಿ ತನ್ನ ನೋವನ್ನು ಬಚ್ಚಿಡುತ್ತದೆ. ಮೊಲ ಕಂಡರೆ ಉಳುಕಿದ ಕಾಲಲ್ಲೂ ಓಡಿಬಿಡುತ್ತದೆ. ಹಾಗಾಗಿ "ಇವತ್ತು ಬೇಡ" ಎಂದು ಹೇಳುವ ಹೊಣೆ ಪೂರ್ತಿ ಮನುಷ್ಯನದ್ದೇ. ನನ್ನ ಪ್ರಕಾರ ಒಳ್ಳೆಯ ತರಬೇತುದಾರರು ಯಾರು ಎಂದು ಅವರು ಓಡಿಸಿದ ಓಟಗಳಿಗಿಂತ ಜಾಸ್ತಿ, ಓಡಿಸದೆ ಬಿಟ್ಟ ಓಟಗಳೇ ಹೇಳುತ್ತವೆ.

ಊಟಕ್ಕೆ ಏನು ಕೊಡುತ್ತಾರೆ?

ಕೆನಲ್‌ನಿಂದ ಕೆನಲ್‌ಗೆ ಬದಲಾಗುತ್ತದೆ. ಒಣ ಆಹಾರ, ಬೇಯಿಸಿದ ಮಾಂಸ, ತರಕಾರಿ, ಬ್ರೆಡ್ ಸಾಮಾನ್ಯ. ತೂಕ ಮಾತ್ರ ಹಿಡಿತದಲ್ಲಿ ಇರಲೇಬೇಕು. ಬ್ರಿಟನ್‌ನಲ್ಲಿ ಓಟದ ದಿನ ಟ್ರ್ಯಾಕ್‌ನಲ್ಲಿ ಪ್ರತಿ ನಾಯಿಯನ್ನೂ ತೂಗುತ್ತಾರೆ. ಹಿಂದಿನ ಓಟದ ತೂಕಕ್ಕಿಂತ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅವತ್ತು ಓಡಿಸುವಂತಿಲ್ಲ.

ಆರು ಟ್ರ್ಯಾಪ್‌ಗಳಲ್ಲಿ ಯಾವುದು ಒಳ್ಳೆಯದು?

ಅದು ನಾಯಿಯ ಮೇಲೆ ಹೋಗುತ್ತದೆ. ಬ್ರಿಟನ್‌ನಲ್ಲಿ ಒಂದು ಓಟಕ್ಕೆ ಆರು ನಾಯಿ. ಒಂದನೇ ಟ್ರ್ಯಾಪ್‌ಗೆ ಕೆಂಪು ಅಂಗಿ, ಎರಡಕ್ಕೆ ನೀಲಿ, ಮೂರಕ್ಕೆ ಬಿಳಿ, ನಾಲ್ಕಕ್ಕೆ ಕಪ್ಪು, ಐದಕ್ಕೆ ಕಿತ್ತಳೆ, ಆರಕ್ಕೆ ಕಪ್ಪು ಬಿಳುಪಿನ ಪಟ್ಟೆ. ಆಸ್ಟ್ರೇಲಿಯಾದಲ್ಲಿ ಎಂಟು ನಾಯಿ ಓಡುತ್ತವೆ.

ಕೆಲವು ನಾಯಿಗಳಿಗೆ ಒಳಗಿನ ಕಂಬಿಗೆ ಅಂಟಿಕೊಂಡು ಓಡುವುದು ಇಷ್ಟ. ಕೆಲವಕ್ಕೆ ನಡುವೆ. ಇನ್ನು ಕೆಲವು ಹೊರಗಿನಿಂದ ದೊಡ್ಡದಾಗಿ ಸುತ್ತಿ ಬರುತ್ತವೆ. ಒಳಗೆ ಹೋಗುವ ನಾಯಿಯನ್ನು ಹೊರಗಿನ ಟ್ರ್ಯಾಪ್‌ನಲ್ಲಿ ಹಾಕಿದರೆ ಅದು ಮೊದಲ ತಿರುವಿನ ಹೊತ್ತಿಗೆ ಎಲ್ಲರನ್ನೂ ಅಡ್ಡ ದಾಟುತ್ತದೆ. ಡಿಕ್ಕಿ ಗ್ಯಾರಂಟಿ. ಈ ಸ್ವಭಾವವನ್ನು ಸರಿಯಾಗಿ ಗುರುತಿಸಿ ರೇಸಿಂಗ್ ಮ್ಯಾನೇಜರ್‌ಗೆ ತಿಳಿಸುವುದು ತರಬೇತುದಾರರ ಕೆಲಸ. ಹೊರಗೆ ಓಡುವ ನಾಯಿ ಎಂದು ನಮೂದಾದರೆ ಅದಕ್ಕೆ ಐದು, ಆರರ ಕಡೆ ಜಾಗ ಸಿಗುತ್ತದೆ.

ಸ್ವಭಾವದ ಇನ್ನೊಂದು ಮುಖವೂ ಇದೆ. ಕೆಲವು ನಾಯಿ ಮಿಂಚಿನಂತೆ ಹೊರಬಿದ್ದು ಕೊನೆಗೆ ಸುಸ್ತಾಗುತ್ತವೆ. ಕೆಲವು ನಿಧಾನ ಶುರುಮಾಡಿ ಕೊನೆಯ ನೇರ ದಾರಿಯಲ್ಲಿ ಎಲ್ಲರನ್ನೂ ನುಂಗುತ್ತವೆ. 2005 ಮತ್ತು 2006ರ ಡರ್ಬಿ ಗೆದ್ದ ವೆಸ್ಟ್‌ಮೀಡ್ ಹಾಕ್ ಈ ಎರಡನೆಯ ಜಾತಿ. ಅದು ಹಿಂದಿನಿಂದ ಬಂದು ಗೆಲ್ಲುವುದನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಇಂಥ ನಾಯಿಗೆ 480 ಮೀಟರ್ ಸಾಕಾ, 600 ದಾಟಿದ ಓಟ ಬೇಕಾ ಎಂದು ಮೊದಲೇ ಅರ್ಥ ಮಾಡಿಕೊಳ್ಳಬೇಕು. ಎಷ್ಟೋ ನಾಯಿಗಳು ತಪ್ಪು ದೂರದಲ್ಲಿ ಓಡಿ ಓಡಿ "ಸಾಧಾರಣ" ಎನಿಸಿಕೊಂಡೇ ಮುಗಿದುಹೋಗುತ್ತವೆ. ಇದು ನೋಡುವವರಿಗೂ ಬೇಸರ ತರುವ ಸಂಗತಿ.

ಡರ್ಬಿಯಂಥ ಪಂದ್ಯಕ್ಕೆ ನಾಯಿಯನ್ನು ಹೇಗೆ ಸಿದ್ಧ ಮಾಡುತ್ತಾರೆ?

ಇಲ್ಲಿ ಆತುರಪಟ್ಟವರು ಸೋಲುತ್ತಾರೆ. ಮೊದಲ ಸುತ್ತಿನಲ್ಲೇ ನಾಯಿ ತನ್ನ ಅತಿ ವೇಗದ ಓಟ ಓಡಿಬಿಟ್ಟರೆ ಪತ್ರಿಕೆಗಳಲ್ಲಿ ಹೆಸರು ಬರುತ್ತದೆ. ಐದನೇ ವಾರದ ಹೊತ್ತಿಗೆ ಅದೇ ನಾಯಿ ಬಳಲಿರುತ್ತದೆ. 480 ಮೀಟರನ್ನು ಇಪ್ಪತ್ತೆಂಟೂವರೆ ಸೆಕೆಂಡಿನಲ್ಲಿ ಮುಗಿಸುವುದೆಂದರೆ ಸರಾಸರಿ ಗಂಟೆಗೆ 60 ಕಿಲೋಮೀಟರ್ ವೇಗ. ಒಂದು ಹೆಜ್ಜೆಯ ಸುತ್ತಿನಲ್ಲಿ ನಾಯಿಯ ನಾಲ್ಕೂ ಕಾಲು ಎರಡು ಸಲ ನೆಲ ಬಿಟ್ಟಿರುತ್ತವೆ. ಅಂಥ ಓಟದ ಪೆಟ್ಟಿನಿಂದ ಮೈ ಚೇತರಿಸಿಕೊಳ್ಳಲು ದಿನಗಳು ಬೇಕು.

ಹಾಗಾಗಿ ಜಾಣ ತರಬೇತುದಾರರು ಮೊದಲ ಸುತ್ತಿಗೆ ನಾಯಿಯನ್ನು ಸ್ವಲ್ಪ ಕಡಿಮೆ ಸಿದ್ಧತೆಯಲ್ಲೇ ತರುತ್ತಾರೆ. ಮೊದಲ ಮೂರರೊಳಗೆ ಬಂದರೆ ಸಾಕು. ಓಟಗಳ ಮಧ್ಯೆ ಜೋರಾಗಿ ಓಡಿಸುವುದಿಲ್ಲ. ನಡಿಗೆ, ಮಾಲೀಶು, ನಿದ್ದೆ. ಎಲ್ಲವೂ ಫೈನಲ್ ರಾತ್ರಿಗೆ ಲೆಕ್ಕ. ಸಿಡಾಜ್ ಜ್ಯಾಕ್‌ವರೆಗೆ ಒಂದೊಂದು ನಾಯಿಯ ಜೊತೆಗೂ ಲಿಸ್ಟರ್ ಈ ವಾರಗಳನ್ನು ದಾಟಿ ಬಂದರು. ಅಷ್ಟು ಸುತ್ತುಗಳಲ್ಲಿ ಒಂದು ಡಿಕ್ಕಿ, ಒಂದು ಕೆಟ್ಟ ಶುರುವಾತು ಸಾಕು ಎಲ್ಲ ಮುಗಿಯಲು.

ಹೆಣ್ಣು ನಾಯಿಗಳೂ ಓಡುತ್ತವಾ?

ಓಡುತ್ತವೆ, ಗಂಡಿನ ಜೊತೆಗೇ. ಬೆದೆಗೆ ಬಂದ ಮೇಲೆ ಹೆಣ್ಣು ನಾಯಿಗೆ ಬ್ರಿಟನ್‌ನಲ್ಲಿ ಕನಿಷ್ಠ ಹತ್ತು ವಾರ ವಿಶ್ರಾಂತಿ ಕಡ್ಡಾಯ. ಅದಾದ ಮೇಲೆ, ಬೆದೆಯಿಂದ ಸುಮಾರು ನಾಲ್ಕು ತಿಂಗಳ ಹೊತ್ತಿಗೆ, ಅನೇಕ ಹೆಣ್ಣು ನಾಯಿಗಳು ತಮ್ಮ ಜೀವನದ ಅತ್ಯುತ್ತಮ ಓಟ ಓಡುತ್ತವೆ. ಈ ಕ್ಯಾಲೆಂಡರ್ ತರಬೇತುದಾರರ ತಲೆಯಲ್ಲಿ ಸದಾ ಇರುತ್ತದೆ. 1949ರಲ್ಲಿ ಲೆಸ್ಲಿ ರೆನಾಲ್ಡ್ಸ್‌ಗೆ ಡರ್ಬಿ ತಂದುಕೊಟ್ಟ ನಾರೋಗರ್ ಆನ್ ಹೆಣ್ಣು.

ಈ ನಾಯಿಗಳು ಎಲ್ಲಿಂದ ಬರುತ್ತವೆ?

ಬ್ರಿಟನ್‌ನಲ್ಲಿ ಓಡುವ ಬಹುಪಾಲು ಗ್ರೇಹೌಂಡ್‌ಗಳು ಹುಟ್ಟುವುದು ಐರ್ಲೆಂಡಿನಲ್ಲಿ. ಅಲ್ಲಿನ ರೈತ ಕುಟುಂಬಗಳಿಗೆ ಇದು ತಲೆಮಾರುಗಳ ಕಸುಬು. ಅಲ್ಲಿಂದ ಮಾಲೀಕರು ನಾಯಿ ಕೊಂಡು ಇಂಗ್ಲೆಂಡಿನ ತರಬೇತುದಾರರಿಗೆ ಒಪ್ಪಿಸುತ್ತಾರೆ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರು ನಿಕ್ ಸವ್ವಾ. ಅವರು ತಮ್ಮದೇ ವೆಸ್ಟ್‌ಮೀಡ್ ತಳಿಯನ್ನು ದಶಕಗಳ ಕಾಲ ಬೆಳೆಸಿದರು. ತಾಯಿ ಯಾರು, ಅಜ್ಜಿ ಹೇಗೆ ಓಡುತ್ತಿತ್ತು ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. 1998ರಲ್ಲಿ ಟಾಮ್ಸ್ ದ ಬೆಸ್ಟ್, ಆಮೇಲೆ ವೆಸ್ಟ್‌ಮೀಡ್ ಹಾಕ್ ಎರಡು ಸಲ, 2007ರಲ್ಲಿ ವೆಸ್ಟ್‌ಮೀಡ್ ಲಾರ್ಡ್. ಒಟ್ಟು ನಾಲ್ಕು ಡರ್ಬಿ.

1997ರಿಂದ 2013ರವರೆಗಿನ 17 ಡರ್ಬಿಗಳಲ್ಲಿ 11 ಈ ಇಬ್ಬರ ಪಾಲಾದವು. ಒಬ್ಬರ ಬಲ ಸಾಕಿದ ತಳಿ. ಇನ್ನೊಬ್ಬರದು ಬೇರೆಯವರು ಬೆಳೆಸಿದ ನಾಯಿಯನ್ನು ಅರ್ಥ ಮಾಡಿಕೊಳ್ಳುವ ಕಣ್ಣು. ಯಾರು ದೊಡ್ಡವರು ಎಂದು ಇವತ್ತಿಗೂ ವಾದ ನಡೆಯುತ್ತದೆ. ಹುಟ್ಟಿನಿಂದ ಕೈಲಿದ್ದ ನಾಯಿಯನ್ನು ಅರ್ಥ ಮಾಡಿಕೊಳ್ಳಲು ಸಮಯ ಇರುತ್ತದೆ. ಬೆಳೆದು ಬಂದ ನಾಯಿಯನ್ನು ಕೆಲವೇ ವಾರಗಳಲ್ಲಿ ಅರ್ಥ ಮಾಡಿಕೊಳ್ಳಬೇಕು. ಆ ಕಾರಣಕ್ಕೆ ನಾನು ಲಿಸ್ಟರ್ ಕಡೆ ನಿಲ್ಲುತ್ತೇನೆ.

ತರಬೇತುದಾರರಾಗಲು ಏನು ಮಾಡಬೇಕು? ಕೋರ್ಸ್ ಇದೆಯಾ?

ಹೆಚ್ಚಿನವರು ಕೆನಲ್ ಆಳಾಗಿ ಶುರು ಮಾಡುತ್ತಾರೆ. ಗುಡಿಸುವುದು, ನಡೆಸುವುದು, ವ್ಯಾನ್ ಓಡಿಸುವುದು, ಓಟದ ರಾತ್ರಿ ನಾಯಿಯನ್ನು ಟ್ರ್ಯಾಪ್‌ವರೆಗೆ ಹಿಡಿದು ಹೋಗುವುದು. ವರ್ಷಗಳ ನಂತರ ಸಹಾಯಕ ತರಬೇತುದಾರ, ಆಮೇಲೆ ಸ್ವಂತ ಪರವಾನಗಿ. ಬ್ರಿಟನ್‌ನಲ್ಲಿ ಪರವಾನಗಿ ಕೊಡುವುದು ಗ್ರೇಹೌಂಡ್ ಬೋರ್ಡ್ ಆಫ್ ಗ್ರೇಟ್ ಬ್ರಿಟನ್. ಅರ್ಜಿ ಹಾಕಿದರೆ ಕೆನಲ್‌ನ ಜಾಗ, ಗಾಳಿ, ಬಿಸಿ, ಹಾಸು, ಔಷಧಿಯ ದಾಖಲೆ ಎಲ್ಲವನ್ನೂ ಪರಿಶೀಲಿಸುತ್ತಾರೆ. ತಂದೆ ತಾಯಿಯಿಂದ ಮಕ್ಕಳಿಗೆ ಕೆನಲ್ ಬರುವುದೂ ತುಂಬಾ ಇದೆ.

ಲಿಸ್ಟರ್ ಬಂದ ದಾರಿ ಬೇರೆ. ಬ್ರಿಟನ್‌ನಲ್ಲಿ ಆಗ ಅಧಿಕೃತ ಪರವಾನಗಿ ಇಲ್ಲದ ಸ್ವತಂತ್ರ ಟ್ರ್ಯಾಕ್‌ಗಳು ಬೇಕಾದಷ್ಟಿದ್ದವು. ಅವನ್ನು ಫ್ಲ್ಯಾಪಿಂಗ್ ಟ್ರ್ಯಾಕ್ ಅನ್ನುತ್ತಿದ್ದರು. ಕಾರ್ಮಿಕರ ಊರುಗಳಲ್ಲಿ ಮನೆಯಲ್ಲಿ ಒಂದೆರಡು ನಾಯಿ ಇಟ್ಟುಕೊಂಡವರು ಸಂಜೆ ಅಲ್ಲಿಗೆ ಬಂದು ಓಡಿಸುತ್ತಿದ್ದರು. ಲಿಸ್ಟರ್ ಕಸುಬು ಕಲಿತದ್ದು ಅಂಥ ಕಡೆ. ದೊಡ್ಡ ಟ್ರ್ಯಾಕ್‌ಗಳ ಜನ ಫ್ಲ್ಯಾಪಿಂಗ್‌ನಿಂದ ಬಂದವರನ್ನು ಸ್ವಲ್ಪ ಕೀಳಾಗಿ ನೋಡುತ್ತಿದ್ದ ಕಾಲ ಅದು. ಅಲ್ಲಿಂದ ಬಂದವರೇ ಕೊನೆಗೆ ಡರ್ಬಿಯ ದಾಖಲೆ ಬರೆದರು.

ದುಡ್ಡು ಸಿಗುತ್ತಾ?

ಬಹುತೇಕರಿಗೆ ಜಾಸ್ತಿ ಇಲ್ಲ. ನಾಯಿ ತರಬೇತುದಾರರದ್ದಲ್ಲ, ಮಾಲೀಕರದ್ದು. ಬಹುಮಾನವೂ ಮಾಲೀಕರಿಗೆ ಹೋಗುತ್ತದೆ. ತರಬೇತುದಾರರಿಗೆ ದಿನಕ್ಕೆ ಇಷ್ಟು ಎಂದು ಒಂದು ನಾಯಿಗೆ ಸಾಕಣೆ ದರ ಸಿಗುತ್ತದೆ. ಒಪ್ಪಂದದ ಪ್ರಕಾರ ಬಹುಮಾನದಲ್ಲಿ ಪಾಲು ಇರಬಹುದು. ಇದರ ಜೊತೆ ಟ್ರ್ಯಾಕ್‌ಗಳ ಜೊತೆ ಕರಾರು ಇರುತ್ತದೆ. ವಾರಕ್ಕೆ ಇಷ್ಟು ನಾಯಿ ಒದಗಿಸಬೇಕು ಎಂದು ಲೆಕ್ಕ. ಲೆಸ್ಲಿ ರೆನಾಲ್ಡ್ಸ್ ಕಾಲದಲ್ಲಿ ಪದ್ಧತಿ ಬೇರೆ ಇತ್ತು. ದೊಡ್ಡ ಟ್ರ್ಯಾಕ್‌ಗಳಿಗೆ ತಮ್ಮದೇ ಕೆನಲ್ ಇದ್ದವು, ತರಬೇತುದಾರರು ಸಂಬಳದವರು.

ಡರ್ಬಿಯ ಮೊತ್ತ ದೊಡ್ಡದು. 2022ರಲ್ಲಿ ಗೆದ್ದ ರೋಮಿಯೋ ಮ್ಯಾಜಿಕೋ ಎಂಬ ನಾಯಿಯ ಬಹುಮಾನ 1,75,000 ಪೌಂಡ್. ಆದರೆ ಮಾಮೂಲಿ ಮಂಗಳವಾರದ ಓಟದಲ್ಲಿ ಗೆದ್ದರೆ ಸಿಗುವುದು ಪಶುವೈದ್ಯರ ಒಂದು ಬಿಲ್ಲಿಗೂ ಸಾಲದು. ಕುದುರೆ ರೇಸಿನ ತರಬೇತುದಾರರ ವೈಭವ ನೆನೆಸಿಕೊಂಡು ಈ ಕಡೆ ಬರುವುದು ಬೇಡ.

ಲಿಸ್ಟರ್‌ಗಿಂತ ಹಳೆಯ ದೊಡ್ಡ ತರಬೇತುದಾರರು ಯಾರು?

ಹೇಳಬೇಕಾದವರು ತುಂಬಾ ಇದ್ದಾರೆ. ಮಿಕ್ ದ ಮಿಲ್ಲರ್ ಎಂಬ ನಾಯಿಯಿಂದ ಶುರು ಮಾಡೋಣ. ಐರ್ಲೆಂಡಿನ ಆಫಲಿ ಕೌಂಟಿಯಲ್ಲಿ ಮಾರ್ಟಿನ್ ಬ್ರಾಫಿ ಎಂಬ ಪಾದ್ರಿ ಅದನ್ನು ಸಾಕಿದ್ದರು. ಮರಿಯಲ್ಲಿ ಡಿಸ್ಟೆಂಪರ್ ಎಂಬ ನಾಯಿರೋಗ ಬಂದು ಸಾಯುವ ಸ್ಥಿತಿಗೆ ಹೋಗಿ ಬದುಕಿತು. 1929ರ ಡರ್ಬಿ ಫೈನಲ್‌ನಲ್ಲಿ ಮೊದಲ ತಿರುವಲ್ಲೇ ನಾಯಿಗಳು ಡಿಕ್ಕಿ ಹೊಡೆದವು. ಓಟ ರದ್ದಾಯಿತು. ಮರು ಓಟದಲ್ಲಿ ಮಿಕ್ ಗೆದ್ದಿತು. 1930ರಲ್ಲಿ ತರಬೇತುದಾರ ಸಿಡ್ನಿ ಆರ್ಟನ್ ಅವರ ಕೈಯಲ್ಲಿ ಮತ್ತೆ ಗೆದ್ದಿತು. 1931ರಲ್ಲಿ ಮೂರನೆಯ ಬಾರಿಯೂ ಗೆರೆ ದಾಟಿದ್ದು ಅದೇ ಮೊದಲು. ಆದರೆ ಇನ್ನೊಂದು ನಾಯಿ ಜಗಳಕ್ಕೆ ಬಿದ್ದಿದ್ದರಿಂದ ಆ ಓಟವನ್ನೂ ರದ್ದು ಮಾಡಿದರು. ಮರು ಓಟದಲ್ಲಿ ಸೋತಿತು. ಆಗ ಅದಕ್ಕೆ ವಯಸ್ಸಾಗಿತ್ತು, ಒಂದೇ ರಾತ್ರಿ ಎರಡು ಫೈನಲ್ ಓಡುವ ಶಕ್ತಿ ಇರಲಿಲ್ಲ. ಅವತ್ತಿನ ಜನ ಅದನ್ನು ಅನ್ಯಾಯ ಎಂದರು. ನನಗೂ ಹಾಗೇ ಅನಿಸುತ್ತದೆ. ಆ ನಾಯಿಯ ದೇಹವನ್ನು ಇವತ್ತಿಗೂ ಇಂಗ್ಲೆಂಡಿನ ಟ್ರಿಂಗ್ ಊರಿನ ಮ್ಯೂಸಿಯಂನಲ್ಲಿ ನೋಡಬಹುದು.

ಜಾರ್ಜ್ ಕರ್ಟಿಸ್ ಇನ್ನೊಬ್ಬರು. ಹೋವ್ ಟ್ರ್ಯಾಕ್‌ನ ಅವರ ನಾಯಿ ಬ್ಯಾಲಿರೀಗನ್ ಬಾಬ್ 1986ರ ಡಿಸೆಂಬರ್‌ನಲ್ಲಿ ಸತತ 32ನೇ ಓಟ ಗೆದ್ದು ವಿಶ್ವದಾಖಲೆ ಮಾಡಿತು. ಐರ್ಲೆಂಡಿನ ಜರ್ ಮೆಕೆನ್ನಾ 1981ರಲ್ಲಿ ಪಾರ್ಕ್‌ಡೌನ್ ಜೆಟ್, 1989ರಲ್ಲಿ ಲಾರ್ಟಿಗ್ ನೋಟ್ ಜೊತೆ ಸಮುದ್ರ ದಾಟಿ ಬಂದು ಇಂಗ್ಲಿಷ್ ಡರ್ಬಿ ಗೆದ್ದರು.

ನಾಯಿಗಳಿಗೆ ಗಾಯ ಆಗುವುದಿಲ್ವಾ?

ಆಗುತ್ತದೆ. ತುಂಬಾ ಆಗುತ್ತದೆ. ಇದನ್ನು ಮುಚ್ಚಿಟ್ಟು ಈ ವೃತ್ತಿಯ ಬಗ್ಗೆ ಮಾತಾಡುವುದು ಸರಿಯಲ್ಲ.

ಟ್ರ್ಯಾಕ್‌ನಲ್ಲಿ ನಾಯಿಗಳು ಯಾವಾಗಲೂ ಎಡಕ್ಕೆ ತಿರುಗುತ್ತವೆ. ತಿರುವಿನಲ್ಲಿ ಪೂರ್ತಿ ಭಾರ ಒಂದೇ ಕಡೆ ಬೀಳುತ್ತದೆ. ಅದಕ್ಕೇ ಬಲ ಹಿಂಗಾಲಿನ ಹಿಮ್ಮಡಿ ಕೀಲಿನ ಮೂಳೆ ಮುರಿಯುವುದು ಈ ನಾಯಿಗಳಲ್ಲಿ ಹೆಚ್ಚು. ಮೊದಲ ತಿರುವಿಗೆ ಆರೂ ನಾಯಿ ಒಟ್ಟಿಗೆ ನುಗ್ಗುವಾಗ ಡಿಕ್ಕಿಗಳೂ ಆಗುತ್ತವೆ. ಬ್ರಿಟನ್‌ನ ಗ್ರೇಹೌಂಡ್ ಮಂಡಳಿ ಕೆಲವು ವರ್ಷಗಳಿಂದ ಪ್ರತಿ ವರ್ಷ ಗಾಯ ಮತ್ತು ಸಾವಿನ ಅಂಕಿ ಪ್ರಕಟಿಸುತ್ತಿದೆ. ವರ್ಷಕ್ಕೆ ಸಾವಿರಗಟ್ಟಲೆ ಗಾಯಗಳು. ಟ್ರ್ಯಾಕ್‌ನಲ್ಲೇ ಸಾಯುವ ನಾಯಿಗಳು ಈಚಿನ ವರ್ಷಗಳಲ್ಲಿ ನೂರರ ಆಸುಪಾಸು. ಹಿಂದಿನ ದಶಕಗಳಲ್ಲಿ ಓಟ ಮುಗಿಸಿದ ನಾಯಿಗಳ ಗತಿ ಇನ್ನೂ ಕೆಟ್ಟದಾಗಿತ್ತು. ಎಷ್ಟೋ ಆರೋಗ್ಯವಂತ ನಾಯಿಗಳನ್ನು ಸಾಕಲು ಜನ ಇಲ್ಲ ಎಂದು ಕೊಂದರು.

ಕೆಲವು ಬದಲಾವಣೆ ಬಂದಿವೆ. ಇಂಗ್ಲೆಂಡಿನಲ್ಲಿ 2010ರ ನಿಯಮಗಳ ಪ್ರಕಾರ ಓಟದ ಹೊತ್ತಿಗೆ ಟ್ರ್ಯಾಕ್‌ನಲ್ಲಿ ಪಶುವೈದ್ಯರು ಇರಲೇಬೇಕು. 2020ರಿಂದ ಮಾಲೀಕರು ಮತ್ತು ಮಂಡಳಿ ಸೇರಿ ಪ್ರತಿ ನಾಯಿಯ ನಿವೃತ್ತಿಗೆ ಒಂದು ಠೇವಣಿ ಇಡುತ್ತಾರೆ. ಇದು ಸಾಕು ಎಂದು ನಾನು ಹೇಳುವುದಿಲ್ಲ. ನಾಯಿ ತಾನಾಗಿ ಒಪ್ಪಿ ಟ್ರ್ಯಾಪ್‌ಗೆ ಹೋಗುವುದಿಲ್ಲ. ಅದು ಓಡುವುದನ್ನು ಪ್ರೀತಿಸುತ್ತದೆ ನಿಜ. ಆದರೆ ವಾರಕ್ಕೊಮ್ಮೆ ಆರು ನಾಯಿಗಳ ಗುಂಪಿನಲ್ಲಿ ಆ ತಿರುವಿಗೆ ನುಗ್ಗುವುದನ್ನು ಅದಕ್ಕೆ ಗೊತ್ತುಮಾಡಿದ್ದು ನಾವು. ಅದರ ಮುಂದಿನ ಹತ್ತು ವರ್ಷಕ್ಕೂ ನಾವೇ ಹೊಣೆ.

ಮದ್ದು ಕೊಟ್ಟು ಓಡಿಸುವುದು ನಿಜವೇ?

ನಡೆದಿದೆ. ಅದಕ್ಕೇ ಓಟದ ಮುಂಚೆ, ನಂತರ ನಾಯಿಗಳ ಮೂತ್ರ ಪರೀಕ್ಷೆ ಮಾಡುತ್ತಾರೆ. ನಿಷೇಧಿತ ವಸ್ತು ಸಿಕ್ಕರೆ ಉತ್ತರ ಕೊಡಬೇಕಾದವರು ತರಬೇತುದಾರರು. ಮಾಂಸದಲ್ಲೇ ಕಲಬೆರಕೆ ಇತ್ತು ಎಂದರೂ ಹೊಣೆ ತಪ್ಪುವುದಿಲ್ಲ. ಮದ್ದಿಗಿಂತ ಘೋರವಾದದ್ದು ಆಸ್ಟ್ರೇಲಿಯಾದಲ್ಲಿ 2015ರಲ್ಲಿ ಹೊರಬಂತು. ಕೆಲವರು ಜೀವಂತ ಪ್ರಾಣಿಗಳನ್ನು ಕಟ್ಟಿ ನಾಯಿಗಳಿಗೆ ಅಭ್ಯಾಸ ಮಾಡಿಸುತ್ತಿದ್ದರು. ಅದನ್ನು ಟಿವಿಯಲ್ಲಿ ನೋಡಿದ ಜನ ಬೆಚ್ಚಿಬಿದ್ದರು. ನ್ಯೂ ಸೌತ್ ವೇಲ್ಸ್ ಸರ್ಕಾರ 2016ರ ಜುಲೈನಲ್ಲಿ ನಿಷೇಧ ಘೋಷಿಸಿ, ಅಕ್ಟೋಬರ್‌ನಲ್ಲಿ ಹಿಂದೆ ಸರಿಯಿತು. ಅಂಥವರನ್ನು ತರಬೇತುದಾರರ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ.

ಈ ವೃತ್ತಿಗೆ ಭವಿಷ್ಯ ಇದೆಯಾ?

ಕುಗ್ಗುತ್ತಿದೆ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಬ್ರಿಟನ್‌ನಲ್ಲಿ ವರ್ಷಕ್ಕೆ ಕೋಟಿಗಟ್ಟಲೆ ಟಿಕೆಟ್ ಮಾರಾಟ ಆಗುತ್ತಿತ್ತು. ಈಗ ಪರವಾನಗಿ ಇರುವ ಟ್ರ್ಯಾಕ್ ಇಪ್ಪತ್ತರ ಆಸುಪಾಸು. ವಿಂಬಲ್ಡನ್ 2017ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಫುಟ್‌ಬಾಲ್ ಮೈದಾನ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಜನ 2018ರಲ್ಲಿ ಮತ ಹಾಕಿ ಈ ಓಟ ನಿಲ್ಲಿಸಿದರು. ನ್ಯೂಜಿಲೆಂಡ್ 2024ರ ಡಿಸೆಂಬರ್‌ನಲ್ಲಿ, ವೇಲ್ಸ್ 2025ರ ಫೆಬ್ರವರಿಯಲ್ಲಿ ನಿಷೇಧದ ನಿರ್ಧಾರ ಪ್ರಕಟಿಸಿದವು. ಇಂಗ್ಲೆಂಡ್ ಮತ್ತು ಐರ್ಲೆಂಡಿನಲ್ಲಿ ಮುಂದುವರಿದಿದೆ. ಇಪ್ಪತ್ತರ ವಯಸ್ಸಿನ ಯಾರಾದರೂ ಇದನ್ನೇ ಬದುಕು ಮಾಡಿಕೊಳ್ಳುತ್ತೇನೆ ಎಂದರೆ, ಜೊತೆಗೆ ಇನ್ನೊಂದು ಕೆಲಸ ಕಲಿತಿರಿ ಎಂದೇ ನಾನು ಹೇಳುವುದು.

ಲಿಸ್ಟರ್ ದಾಖಲೆಯನ್ನು ಯಾರಾದರೂ ಮುರಿಯಬಹುದಾ?

ಕಷ್ಟ. ಮಾರ್ಕ್ ವಾಲಿಸ್ ಬ್ರಿಟನ್‌ನ ಚಾಂಪಿಯನ್ ತರಬೇತುದಾರ ಪಟ್ಟವನ್ನು ಹತ್ತಕ್ಕೂ ಹೆಚ್ಚು ಸಲ ಗೆದ್ದಿದ್ದಾರೆ. ಅವರ ಡರ್ಬಿ ಗೆಲುವು 2009 ಮತ್ತು 2012ರಲ್ಲಿ ಬಂದವು. ಐರ್ಲೆಂಡಿನ ಟಿಪ್ಪರರಿಯಲ್ಲಿ ಕೆನಲ್ ಇಟ್ಟಿರುವ ಗ್ರಹಾಂ ಹಾಲಂಡ್ 2022, 2023 ಸತತ ಎರಡು ವರ್ಷ ಬೇರೆ ಬೇರೆ ನಾಯಿಗಳ ಜೊತೆ ಗೆದ್ದರು. ಏಳಕ್ಕೆ ಇನ್ನೂ ತುಂಬ ದೂರ.

ನಮ್ಮ ಮುಧೋಳ ನಾಯಿಯೂ ಇದೇ ಜಾತಿಯಾ? ಇಲ್ಲಿ ಇಂಥ ಓಟ ಯಾಕಿಲ್ಲ?

ಒಂದೇ ಗುಂಪು, ಬೇರೆ ತಳಿ. ಮುಧೋಳವೂ ಕಣ್ಣಿಂದ ಬೇಟೆ ಆಡುವ ನಾಯಿ. ಉದ್ದ ಕಾಲು, ಆಳವಾದ ಎದೆ, ಒಳಸೇರಿದ ಹೊಟ್ಟೆ ಎರಡಕ್ಕೂ ಇದೆ. ಗ್ರೇಹೌಂಡನ್ನು ಅರ್ಧ ನಿಮಿಷದ ಸ್ಫೋಟಕ್ಕಾಗಿ ಆರಿಸಿ ಆರಿಸಿ ಬೆಳೆಸಿದರು. ಮುಧೋಳ ಬಯಲು ಸೀಮೆಯ ಬಿಸಿಲಿನಲ್ಲಿ, ಹೊಲಗಳಲ್ಲಿ ದೂರದವರೆಗೆ ಬೆನ್ನಟ್ಟಿ, ರಾತ್ರಿ ಕಾವಲು ಕಾಯ್ದು ಬೆಳೆದದ್ದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕಾಗಿ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಅಂಚೆ ಇಲಾಖೆ ಇದರ ಅಂಚೆಚೀಟಿಯನ್ನೂ ತಂದಿತು.

ಬೆಂಗಳೂರು, ಮೈಸೂರಿನ ಕುದುರೆ ರೇಸಿಗೆ ಇರುವಂಥ ಪರವಾನಗಿಯ ವ್ಯವಸ್ಥೆ ನಾಯಿ ಓಟಕ್ಕೆ ಭಾರತದಲ್ಲಿ ಇಲ್ಲ. ಪಂಜಾಬಿನ ಹಳ್ಳಿ ಕ್ರೀಡೆಗಳಲ್ಲಿ ಗ್ರೇಹೌಂಡ್ ಓಟ ನಡೆದದ್ದುಂಟು. ಬಾಜಿಯ ಉದ್ಯಮವಾಗಿ ಇಲ್ಲಿ ಬೆಳೆಯದೆ ಇದ್ದದ್ದು ಒಳ್ಳೆಯದೇ ಆಯಿತು ಎಂಬುದು ನನ್ನ ಅಭಿಪ್ರಾಯ. ಮುಧೋಳ ಸಾಕಿದವರು ಈ ತರಬೇತುದಾರರಿಂದ ಕಲಿಯಬಹುದಾದದ್ದು ಆ ಬೆಳಗಿನ ಕೈಯಾಡಿಸುವ ಅಭ್ಯಾಸ. ದಿನಾ ಕಾಲು, ಬೆರಳು, ಬೆನ್ನು ಮುಟ್ಟಿ ನೋಡಿ. ಗಾಯ ದೊಡ್ಡದಾಗುವ ಮುಂಚೆ ಸಿಗುತ್ತದೆ.

ಬ್ರಿಟನ್‌ನಲ್ಲಿದ್ದೇವೆ. ಓಟ ನಿಲ್ಲಿಸಿದ ಗ್ರೇಹೌಂಡ್ ಒಂದನ್ನು ಮನೆಗೆ ತರಬಹುದಾ?

ಖಂಡಿತ ತನ್ನಿ. ಗ್ರೇಹೌಂಡ್ ಟ್ರಸ್ಟ್‌ನಂಥ ಸಂಸ್ಥೆಗಳು 1970ರ ದಶಕದಿಂದ ಇದೇ ಕೆಲಸ ಮಾಡುತ್ತಿವೆ. ಫ್ಲ್ಯಾಟ್‌ನಲ್ಲಿ ಇರುವವರಿಗೂ ಈ ನಾಯಿ ಹೊಂದುತ್ತದೆ. ದಿನಕ್ಕೆ ಎರಡು ನಡಿಗೆ ಸಾಕು, ಉಳಿದ ಹೊತ್ತು ನಿದ್ದೆ.

ಕೆಲವು ಸಂಗತಿ ಗಮನದಲ್ಲಿರಲಿ. ಮನೆಯಲ್ಲಿ ಬೆಕ್ಕಿದ್ದರೆ ಮೊದಲೇ ಹೇಳಿ, ಬೆಕ್ಕಿನ ಜೊತೆ ಪರೀಕ್ಷೆ ಮಾಡಿದ ನಾಯಿಯನ್ನೇ ಕೇಳಿ. ಬೇಲಿ ಇಲ್ಲದ ಬಯಲಲ್ಲಿ ಹಗ್ಗ ಬಿಚ್ಚಬೇಡಿ. ಅಳಿಲು ಕಂಡರೆ ನಿಮ್ಮ ಕೂಗು ಅದಕ್ಕೆ ಕೇಳುವುದಿಲ್ಲ. ಚರ್ಮ ತೆಳು, ಕೊಬ್ಬು ಕಡಿಮೆ, ಹಾಗಾಗಿ ಚಳಿಗಾಲದಲ್ಲಿ ಕೋಟು ಬೇಕು, ಮಲಗಲು ದಪ್ಪ ಹಾಸಿಗೆ ಬೇಕು. ಶಸ್ತ್ರಚಿಕಿತ್ಸೆ ಆಗುವುದಿದ್ದರೆ ಇದು ಗ್ರೇಹೌಂಡ್ ಎಂದು ವೈದ್ಯರಿಗೆ ನೆನಪಿಸಿ, ಕೆಲವು ಅರಿವಳಿಕೆ ಮದ್ದು ಇವಕ್ಕೆ ಆಗಿಬರುವುದಿಲ್ಲ. ಇಡೀ ಬದುಕನ್ನು ಕೆನಲ್‌ನಲ್ಲೇ ಕಳೆದ ನಾಯಿಗೆ ಮೆಟ್ಟಿಲು, ಗಾಜಿನ ಬಾಗಿಲು, ಬಟ್ಟೆ ಒಗೆಯುವ ಮಷೀನಿನ ಸದ್ದು ಎಲ್ಲ ಹೊಸದು. ಮೊದಲ ಕೆಲವು ವಾರ ನೆಂಟರನ್ನು ಕರೆಯಬೇಡಿ. ಅದು ಓಡುತ್ತಿದ್ದಾಗ ಯಾವ ಕೆನಲ್‌ನಲ್ಲಿತ್ತು ಎಂದು ಕೇಳಿ ತಿಳಿದುಕೊಳ್ಳಿ. ಎಷ್ಟೋ ತರಬೇತುದಾರರು ತಮ್ಮ ಹಳೆಯ ನಾಯಿಯ ಫೋಟೋ ಬಂದರೆ ಖುಷಿಪಡುತ್ತಾರೆ. ಅದರ ಊಟದ ಅಭ್ಯಾಸ, ಹಳೆಯ ಗಾಯ, ಇಷ್ಟದ ಮಲಗುವ ಭಂಗಿಯವರೆಗೆ ಎಲ್ಲವನ್ನೂ ಹೇಳುತ್ತಾರೆ.